ನಲ್ಲಿ ಜೋಡಿಸಿದವರ ಹೆಸರು ಎಲ್ಲಿದೆ?

(ತುಮಕೂರಿನ ಬಟವಾಡಿಯಲ್ಲಿ ಹಳ್ಳಿಗರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಬಳಗದ ಸಭೆಗಳಲ್ಲಿ ಕಾಡು, ಗಣಿ, ಅಣೆಕಟ್ಟು, ಹೆದ್ದಾರಿಗಳ ಮಾತು ಸಾಮಾನ್ಯ. ಇಂದು ನಾನು ಎತ್ತಿಕೊಂಡಿರುವುದು ಗಾರೆ ಮೇಸ್ತ್ರಿಗಳ ಹಾಗೂ ಪ್ಲಂಬರುಗಳ ಪರವಾನಗಿಯ ವಿಷಯ. ಪರಿಸರ ಚಳವಳಿಗೂ ಪ್ಲಂಬರ್ ಲೈಸೆನ್ಸಿಗೂ ಏನು ನಂಟು ಎಂದು ಬಾಗಿಲಲ್ಲೇ ಇಬ್ಬರು ಕೇಳಿದರು. ಕೃಷಿ ವಿಜ್ಞಾನಿಗೆ ಈ ಉಸಾಬರಿ ಏಕೆ ಎಂಬ ಪ್ರಶ್ನೆಯೂ ಅದರೊಳಗೆ ಅಡಗಿತ್ತು. ನೀರು ಬೇರಿಗೆ ತಲುಪುವ ಮೊದಲು ಎಲ್ಲೆಲ್ಲಿ ಪೋಲಾಗುತ್ತದೆ ಎಂಬುದನ್ನು ಅಳೆಯುವುದೇ ನನ್ನಂಥವರ ವೃತ್ತಿ. ಆ ಅಳತೆಯನ್ನು ಹೊಲದ ಬದುವಿನಲ್ಲಿ ನಿಲ್ಲಿಸದೆ ಮನೆಯ ಅಂಗಳದವರೆಗೂ ತಂದರೆ ಸಿಗುವ ಚಿತ್ರವನ್ನಷ್ಟೇ ಇಲ್ಲಿ ಹೇಳುತ್ತೇನೆ.

ಬಟವಾಡಿಯಲ್ಲಿ ನಿಂತು ಈ ಮಾತನ್ನಾಡುವುದಕ್ಕೆ ಕಾರಣವುಂಟು. ಈ ನಗರದ ನಲ್ಲಿಗಳಿಗೆ ಬರುವ ನೀರಿನ ಮುಖ್ಯ ಆಸರೆ ಬುಗುಡನಹಳ್ಳಿಯ ಕೆರೆ. ಆ ಕೆರೆಗೆ ನೀರು ಬರುವುದು ಹೇಮಾವತಿ ಕಾಲುವೆಯಿಂದ. ಹೇಮಾವತಿ ಹುಟ್ಟುವುದು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ, ಬಲ್ಲಾಳರಾಯನದುರ್ಗದ ಮಗ್ಗುಲಲ್ಲಿ. ಅಂದರೆ ನಮ್ಮ ಬೆಟ್ಟಗಳ ಶೋಲೆಯಲ್ಲಿ ಇಂಗಿ ಜಿನುಗಿದ ನೀರು ಹಳ್ಳವಾಗಿ, ಹೊಳೆಯಾಗಿ, ಗೊರೂರಿನಲ್ಲಿ ತಡೆಯಲ್ಪಟ್ಟು, ಹಾಸನದ ಗಡಿ ದಾಟಿ ಗುಬ್ಬಿಯ ಸೀಮೆಯಲ್ಲಿ ಹರಿದು ಇಲ್ಲಿಗೆ ಬರುತ್ತದೆ. ಇಷ್ಟು ದೂರ ಬಂದ ನೀರು ಕಡೆಗೆ ಒಬ್ಬ ಪ್ಲಂಬರು ಹಾಕಿದ ಒಂದು ಜೋಡಣೆಯ ಮುಂದೆ ನಿಲ್ಲುತ್ತದೆ. ಕಾಲುವೆಗೆ ಮುಖ್ಯ ಎಂಜಿನಿಯರರ ಸಹಿ ಇದೆ, ತೂಬಿಗೆ ಇಲಾಖೆಯ ಕಡತವಿದೆ. ಈ ಕೊನೆಯ ಜೋಡಣೆಯನ್ನು ಮಾಡಿದವರ ಹೆಸರು ಮಾತ್ರ ಯಾವ ದಾಖಲೆಯಲ್ಲೂ ಸಿಗುವುದಿಲ್ಲ.

ಈಚಿನ ವರ್ಷಗಳಲ್ಲಿ ಈ ಜಿಲ್ಲೆಯಲ್ಲಿ ನೀರಿನ ಮಾತೆಂದರೆ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಮಾತು. ಗುಬ್ಬಿಯವರಿಗೆ ತಮ್ಮ ಪಾಲು ತಪ್ಪೀತೆಂಬ ಆತಂಕ. ಕುಣಿಗಲ್ಲಿನವರಿಗೆ ಕಾಲುವೆಯ ಬಾಲಕ್ಕೆ ನೀರೇ ಬಾರದೆಂಬ ಹಳೆಯ ನೋವು. ಎರಡೂ ಸುಳ್ಳಲ್ಲ. ಅತ್ತ ಸಕಲೇಶಪುರದ ಎತ್ತಿನಹೊಳೆಯಿಂದ 24.01 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ತುಮಕೂರು ಜಿಲ್ಲೆಯೂ ಅದರ ಫಲಾನುಭವಿ. ಆ ಯೋಜನೆಯ ಬಗ್ಗೆ ನಮ್ಮ ಬಳಗದ ನಿಲುವು ನಿಮಗೆ ಗೊತ್ತು, ಅದನ್ನಿಲ್ಲಿ ಮತ್ತೆ ವಿಸ್ತರಿಸುವುದಿಲ್ಲ. ಬಯಲುಸೀಮೆಯವರ ಬಾಯಾರಿಕೆಯನ್ನು ಹಗುರವಾಗಿ ಕಾಣುವವನೂ ನಾನಲ್ಲ. ಆದರೆ ಬೆಟ್ಟವನ್ನು ಸೀಳಿ ತಂದ ನೀರು ಬೀದಿಯ ತುದಿಯಲ್ಲಿ ಸೋರಿಹೋಗುವುದಾದರೆ ಬೆಟ್ಟದವರೂ ಬಯಲಿನವರೂ ಕೂಡಿ ಕೇಳಬೇಕಾದ ಲೆಕ್ಕವೊಂದಿದೆ.

ಸಣ್ಣ ಲೆಕ್ಕ ಹೇಳುತ್ತೇನೆ. ಒಂದು ಜೋಡಣೆಯಿಂದ ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿಲಿಲೀಟರ್, ಸೋರುತ್ತದೆಂದು ಹಿಡಿಯಿರಿ. ಗಂಟೆಗೆ 12 ಲೀಟರ್, ದಿನಕ್ಕೆ 288 ಲೀಟರ್. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’, ಹಳ್ಳಿಯ ಒಬ್ಬೊಬ್ಬರಿಗೆ ದಿನಕ್ಕೆ 55 ಲೀಟರ್ ಕೊಡುವುದಾಗಿ ಹೇಳುತ್ತದೆ. ಹಾಗಾದರೆ ಒಂದು ಲೋಟದ ಆ ಸೋರಿಕೆ ಐದು ಜನರ ಪಾಲನ್ನು ದಿನವೂ ನುಂಗುತ್ತದೆ. ಇಂಥ ಸೋರಿಕೆ ನೆಲದ ಮೇಲಿದ್ದರೆ ಯಾರಾದರೂ ಬಟ್ಟೆಯ ಚೂರು ಸುತ್ತಿಯಾರು. ನೆಲದೊಳಗಿದ್ದರೆ ತಿಂಗಳುಗಟ್ಟಲೆ ಕಾಣುವುದೇ ಇಲ್ಲ.

ಪೋಲಾಗುವುದಕ್ಕಿಂತ ದೊಡ್ಡ ಅಪಾಯವೊಂದಿದೆ. ಅದನ್ನು ವಿವರಿಸಲು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗಬೇಕು. ದೇವರಾಯನದುರ್ಗದಲ್ಲಿ ಹುಟ್ಟಿ ಗುಬ್ಬಿ ಸೀಮೆಯ ಕಡಬದ ಕೆರೆಯನ್ನು ತುಂಬಿ ಬರುವ ಶಿಂಷಾ ನದಿಗೆ ಕಟ್ಟಿದ ಅಣೆ ಅದು. ಅಲ್ಲಿನ ಸೈಫನ್ ವ್ಯವಸ್ಥೆಯನ್ನು ಶಾಲಾ ಪ್ರವಾಸದಲ್ಲಿ ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ನೀರು ನಿಗದಿತ ಮಟ್ಟ ಮುಟ್ಟಿದೊಡನೆ ಬಾಗಿದ ಕೊಳವೆಯೊಳಗಿನ ಗಾಳಿ ಹೊರದೂಡಲ್ಪಟ್ಟು, ಯಾರೂ ಬಾಗಿಲು ಎತ್ತದಿದ್ದರೂ ನೀರು ತಾನಾಗಿ ಸೆಳೆದುಕೊಂಡು ಹೊರಬೀಳುತ್ತದೆ. ಅಣೆಕಟ್ಟನ್ನು ಕಾಯುವ ಆ ತತ್ತ್ವವೇ ಮನೆಯ ಕೊಳವೆಯಲ್ಲಿ ಶತ್ರುವಾಗಬಲ್ಲದು. ಸರಬರಾಜು ನಿಂತೊಡನೆ ಎತ್ತರದ ಮನೆಗಳ ಕೊಳವೆಯ ನೀರು ತಗ್ಗಿನ ಕಡೆಗೆ ಇಳಿಯುತ್ತದೆ, ಒಳಗೆ ಸೆಳೆತ ಉಂಟಾಗುತ್ತದೆ. ಆ ಹೊತ್ತಿನಲ್ಲಿ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪಿನ ತುದಿ ದನದ ಕಲಗಚ್ಚಿನಲ್ಲಿ ಮುಳುಗಿದ್ದರೆ ಕಲಗಚ್ಚು ಕೊಳವೆಯೊಳಕ್ಕೆ ಹೋಗುತ್ತದೆ. ಅಡಿಕೆ ತೋಟಕ್ಕೆ ಹೊಡೆಯಲು ಮೈಲುತುತ್ತು ಕಲಸಿದ ಡ್ರಮ್ಮಿನಲ್ಲಿ ಮುಳುಗಿದ್ದರೆ ಮೈಲುತುತ್ತು ಹೋಗುತ್ತದೆ. ಕೀಟನಾಶಕದ ಡ್ರಮ್ಮಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಮಾರನೆಯ ಬೆಳಿಗ್ಗೆ ನೀರು ಬಿಟ್ಟಾಗ ಅದು ಪಕ್ಕದ ಮನೆಯ ಕೊಡಕ್ಕೆ ಬೀಳುತ್ತದೆ. ಇದನ್ನು ತಡೆಯಲು ಬೇಕಾದದ್ದು ಪ್ಲಂಬರುಗಳು ಎನ್‌ಆರ್‌ವಿ ಎಂದು ಕರೆಯುವ, ಒಂದೇ ದಿಕ್ಕಿಗೆ ನೀರು ಬಿಡುವ ಸಣ್ಣ ವಾಲ್ವು. ಜೊತೆಗೆ ನಲ್ಲಿಯ ಬಾಯಿಗೂ ತೊಟ್ಟಿಯ ನೀರಿಗೂ ನಡುವೆ ಒಂದು ಗೇಣು ಗಾಳಿಯ ಅಂತರ. ಅದರ ಬೆಲೆ ಹೆಚ್ಚೇನಲ್ಲ, ಅದು ಏಕೆ ಬೇಕೆಂಬುದು ತಿಳಿದಿರಬೇಕು.

ನೆಲದೊಳಗೆ ಬಿರುಕು ಬಿಟ್ಟ ಜೋಡಣೆಯ ಪಕ್ಕದಲ್ಲಿ ಚರಂಡಿ ಹರಿಯುತ್ತಿದ್ದರೆ ಆಗುವುದೂ ಇದೇ. ನೀರಿರುವಾಗ ಒಳಗಿನದು ಹೊರಕ್ಕೆ, ನಿಂತಾಗ ಹೊರಗಿನದು ಒಳಕ್ಕೆ. ಹುಬ್ಬಳ್ಳಿ-ಧಾರವಾಡದಲ್ಲಿ ದಿನವಿಡೀ ನೀರು ಬರುವ ವಲಯಗಳನ್ನೂ ಬಿಟ್ಟು ಬಿಟ್ಟು ನೀರು ಬರುವ ವಲಯಗಳನ್ನೂ ಹೋಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವು, ಬಿಟ್ಟು ಬಿಟ್ಟು ಬರುವ ನಲ್ಲಿಗಳ ನೀರಿನಲ್ಲಿಯೇ ಮಲಮೂಲದ ಬ್ಯಾಕ್ಟೀರಿಯಾ ಬಹಳ ಹೆಚ್ಚು ಬಾರಿ ಕಂಡುಬಂದುದನ್ನು ತೋರಿಸಿತು. ನಮ್ಮ ಊರುಗಳಲ್ಲಿ ದಿನವಿಡೀ ನೀರು ಬರುವ ಕಾಲ ಬೇಗ ಬರುವಂತಿಲ್ಲ. ಆದುದರಿಂದಲೇ ನಮಗೆ ಜೋಡಣೆ ಇನ್ನಷ್ಟು ಬಿಗಿಯಾಗಿರಬೇಕು. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದ ಜನ ಸತ್ತರು. 2024ರ ಜೂನ್‌ನಲ್ಲಿ ಇದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿ-ಭೇದಿ ಹಬ್ಬಿ ಕೆಲವರು ಪ್ರಾಣ ಕಳೆದುಕೊಂಡಾಗಲೂ ಶಂಕೆ ಬಿದ್ದದ್ದು ಕುಡಿಯುವ ನೀರಿನ ಮೇಲೆ. ಆ ಸಾವುಗಳಿಗೆ ಪ್ಲಂಬರುಗಳೇ ಕಾರಣರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ಆದರೆ ನೀರು ಕೆಟ್ಟಿತೆಂಬ ಶಂಕೆ ಬಂದಾಗ ಈ ಓಣಿಯ ಕೊಳವೆಯನ್ನು ಯಾರು, ಯಾವಾಗ, ಯಾವ ಆಳದಲ್ಲಿ, ಯಾವ ಪೈಪಿನಿಂದ ಹಾಕಿದರು ಎಂದು ಕೇಳಿದರೆ ಉತ್ತರಿಸುವ ಪುಸ್ತಕವೊಂದು ನಮ್ಮ ಪಂಚಾಯಿತಿಗಳಲ್ಲಿ ಇರಬೇಡವೇ?

ಈಗಿರುವ ವ್ಯವಸ್ಥೆ ಹೇಗಿದೆ ನೋಡೋಣ. ಕೈಕಸುಬಿನವರ ಜೇಬಿನಲ್ಲಿ ಮೂರು ಬಗೆಯ ಕಾಗದಗಳಿರಬಹುದು, ಜನ ಮೂರನ್ನೂ ಒಂದೇ ಎಂದು ತಿಳಿಯುತ್ತಾರೆ. ಮೊದಲನೆಯದು ಲೇಬರ್ ಕಾರ್ಡು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಅನ್ವಯ ನಮ್ಮ ರಾಜ್ಯದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ಸ್ಥಾಪನೆಯಾಯಿತು. ಆ ಕಾಯ್ದೆ ಈಗ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳೊಳಗೆ ಸೇರಿದೆ. ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಮದುವೆ, ಹೆರಿಗೆ, ಚಿಕಿತ್ಸೆ, ಮಕ್ಕಳ ಓದಿಗೆ ನೆರವು ಸಿಗುತ್ತದೆ. ಅದು ಹಕ್ಕು, ಖಂಡಿತ ಪಡೆಯಬೇಕು. ಆದರೆ ಆ ಕಾರ್ಡು ಅವರಿಗೆ ಕೆಲಸ ಬರುತ್ತದೆಂದು ಹೇಳುವುದಿಲ್ಲ. ಎರಡನೆಯದು ಐಟಿಐ ಪ್ರಮಾಣಪತ್ರ. ಪ್ಲಂಬರ್ ವಿಭಾಗ ಒಂದು ವರ್ಷದ ತರಬೇತಿ. ಅದನ್ನು ಮುಗಿಸಿ ಹಳ್ಳಿಗೆ ಮರಳಿ ಪೈಪು ಹಿಡಿದವರನ್ನು ನಾನು ಕಂಡದ್ದು ಕಡಿಮೆ, ಕಂಪನಿಗಳ ಗೇಟಿನ ಬಳಿ ಕಂಡದ್ದೇ ಹೆಚ್ಚು. ಮೂರನೆಯದು ನಗರದ ಸಂಸ್ಥೆಗಳು ಕೊಡುವ ಪ್ಲಂಬಿಂಗ್ ಪರವಾನಗಿ. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿ ಅದನ್ನು ಕೊಡುತ್ತದೆ. ಹಳ್ಳಿಗೆ ಬಂದರೆ ಈ ಮೂರನೆಯ ಕಾಗದವೇ ಇಲ್ಲ.

ಪರವಾನಗಿ ಇರುವಲ್ಲಿಯೂ ಅದರ ಪಾಡು ಹೇಗಿದೆ ಎಂಬುದನ್ನು ಮನೆ ಕಟ್ಟಿಸಿದವರೆಲ್ಲ ಬಲ್ಲರು. ಅರ್ಜಿಯಲ್ಲಿ ಸಹಿ ಒಬ್ಬರದು, ರಸ್ತೆ ಅಗೆದು ಪೈಪು ಕೂಡಿಸುವ ಕೈ ಇನ್ನೊಬ್ಬರದು. ಲೈಸೆನ್ಸುದಾರರು ತಮ್ಮ ಸಹಿಯನ್ನು ಬಾಡಿಗೆಗೆ ಕೊಡುತ್ತಾರೆ, ಕೆಲಸಗಾರರು ದಿನಗೂಲಿ ಪಡೆಯುತ್ತಾರೆ. ನಡುವಿನ ಹಣ ಯಾರ ಕೈ ಸೇರುತ್ತದೆ ಎಂಬುದು ಬೇರೆ ಕಥೆ. ನಾನು ಬಲ್ಲ ಒಂದು ವಿದ್ಯಾರ್ಥಿ ನಿಲಯದಲ್ಲಿ ಕುಡಿಯುವ ನೀರಿನ ಸಂಪು ಮತ್ತು ಶೌಚದ ಗುಂಡಿ ಒಂದೇ ಗೋಡೆಯ ಎರಡು ಮಗ್ಗುಲಲ್ಲಿದ್ದವು. ನೀರಿನ ಮಾದರಿಯಲ್ಲಿ ನೈಟ್ರೇಟು ಏರಿದ್ದನ್ನು ಕಂಡು ಹೋಗಿ ನೋಡಿದರೆ ನಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು, ಸಹಿಗಳೂ ಇದ್ದವು. ಸಹಿ ಮಾಡಿದವರು ಆ ಜಾಗವನ್ನು ಕಂಡೇ ಇರಲಿಲ್ಲ.

ಇದಕ್ಕೆ ಎದುರಾಗಿ ವಿದ್ಯುತ್ತಿನ ಉದಾಹರಣೆಯನ್ನು ನೋಡಿ. ಮನೆಗೆ ಕರೆಂಟು ಬೇಕಾದರೆ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರು ವೈರಿಂಗ್ ಮುಗಿದ ವರದಿಗೆ ಸಹಿ ಹಾಕಬೇಕು. ವೈರ್‌ಮನ್‌ಗೆ ಪರವಾನಗಿ ಬೇರೆ, ಮೇಲ್ವಿಚಾರಕರಿಗೆ ಬೇರೆ. ಇವನ್ನೆಲ್ಲ ಕೊಡುವುದಕ್ಕೆ ವಿದ್ಯುತ್ ಪರಿವೀಕ್ಷಣಾಲಯವೆಂಬ ಪ್ರತ್ಯೇಕ ಇಲಾಖೆಯೇ ಇದೆ. ಅಲ್ಲಿಯೂ ಲೋಪಗಳಿವೆ, ಒಪ್ಪೋಣ. ಆದರೂ ಗುಡ್ಡದ ಮೇಲಿನ ಒಂಟಿ ಮನೆಗೆ ತಂತಿ ಎಳೆಯುವಾಗಲೂ ಈ ನಿಯಮವಿದೆ. ಕರೆಂಟು ಮುಟ್ಟಿದರೆ ಆಗಲೇ ಸಾಯುತ್ತಾರೆಂಬ ಭಯ ಕಾನೂನನ್ನು ತಂದಿತು. ಕೆಟ್ಟ ನೀರು ನಿಧಾನವಾಗಿ ಕೊಲ್ಲುತ್ತದೆ, ಅದೂ ಹೆಚ್ಚಾಗಿ ಮಕ್ಕಳನ್ನು. ಅದಕ್ಕೆ ಕಾನೂನು ಇನ್ನೂ ಹಳ್ಳಿಯ ದಾರಿ ಹಿಡಿದಿಲ್ಲ.

ಕಟ್ಟಡದ ಕಡೆ ಮೇಲಿನ ಮೆಟ್ಟಿಲುಗಳಲ್ಲಿ ಒಂದಿಷ್ಟು ವ್ಯವಸ್ಥೆಯಿದೆ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯ ಅನ್ವಯ ರಾಷ್ಟ್ರೀಯ ಪರಿಷತ್ತಿನ ನೋಂದಣಿ ಇದೆ. ಎಂಜಿನಿಯರುಗಳಿಗೆ ಅಂಥ ರಾಷ್ಟ್ರೀಯ ಕಾಯ್ದೆ ಇಲ್ಲ. ಪಾಲಿಕೆ, ಪ್ರಾಧಿಕಾರಗಳು ತಮ್ಮ ತಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತವೆ. 2024ರಲ್ಲಿ ಬೆಂಗಳೂರಿನಲ್ಲಿ ‘ನಂಬಿಕೆ ನಕ್ಷೆ’ ಬಂದ ಮೇಲೆ ಸಣ್ಣ ಮನೆಗಳ ನಕ್ಷೆಗೆ ನೋಂದಾಯಿತ ವಾಸ್ತುಶಿಲ್ಪಿ ಇಲ್ಲವೇ ಎಂಜಿನಿಯರರೇ ತಾತ್ಕಾಲಿಕ ಮಂಜೂರಾತಿ ಕೊಡಬಹುದಾಗಿದೆ. ಕಚೇರಿಯ ಅಲೆದಾಟ ತಪ್ಪಿತು, ಒಳ್ಳೆಯದೇ. ಆದರೆ ನಂಬಿಕೆಯ ಭಾರವೆಲ್ಲ ಒಂದು ನೋಂದಣಿ ಸಂಖ್ಯೆಯ ಮೇಲೆ ಬಿದ್ದಾಗ ಆ ನೋಂದಣಿಯ ಹಿಂದೆ ಪರೀಕ್ಷೆ, ತಪಾಸಣೆ, ತಪ್ಪಿದರೆ ರದ್ದತಿ ಇವೆಲ್ಲ ಗಟ್ಟಿಯಾಗಿರಬೇಕಲ್ಲವೇ? 1983ರಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಬಿದ್ದು 19 ಜನ ಸತ್ತರು. ಎರಡರ ನಡುವೆ ಮೂವತ್ತಾರು ವರ್ಷಗಳು ಕಳೆದಿದ್ದವು. ಈ ಅವಧಿಯಲ್ಲಿ ರಾಷ್ಟ್ರೀಯ ಕಟ್ಟಡ ಸಂಹಿತೆ 2005ರಲ್ಲಿ, ಮತ್ತೆ 2016ರಲ್ಲಿ ಪರಿಷ್ಕರಣೆಗೊಂಡಿದೆ. ಅದರ ಒಂಬತ್ತನೆಯ ಭಾಗವಿಡೀ ಪ್ಲಂಬಿಂಗಿಗೇ ಮೀಸಲು. ಕಂಬಿ ಕಟ್ಟುವವರಿಗೂ ಕಾಂಕ್ರೀಟು ಕಲಸುವವರಿಗೂ ಆ ಗ್ರಂಥ ತಲುಪಿಲ್ಲ.

ಬೆಟ್ಟದ ಸೀಮೆಯಲ್ಲಿ ಸಮಸ್ಯೆಯ ಮುಖವೇ ಬೇರೆ. ಅಲ್ಲಿ ಮನೆಯ ಮೊದಲ ವಾಸ್ತುಶಿಲ್ಪಿ ಯಾರು ಬಲ್ಲಿರಾ? ಜೆಸಿಬಿ ಓಡಿಸುವ ಹುಡುಗ. ಇಳಿಜಾರನ್ನು ಎಷ್ಟು ಕಡಿದಾಗಿ ಕೊಯ್ಯಬೇಕು, ಕೊಯ್ದ ಮಣ್ಣನ್ನು ಎಲ್ಲಿ ಸುರಿಯಬೇಕು, ಮಳೆಯ ನೀರು ಯಾವ ಕಡೆ ತಿರುಗಬೇಕು ಇವನ್ನೆಲ್ಲ ಮಧ್ಯಾಹ್ನದೊಳಗೆ ಅವನೇ ನಿರ್ಧರಿಸಿರುತ್ತಾನೆ. ಗಂಟೆಗಿಷ್ಟು ಎಂಬ ಬಾಡಿಗೆಯೇ ಅವನನ್ನು ಓಡಿಸುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗ ಅತಿಮಳೆಯೊಡನೆ ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಎತ್ತಿ ಹೇಳಿದರು. ಆ ಹುಡುಗನಿಗೆ ವಾಹನ ಓಡಿಸುವ ಲೈಸೆನ್ಸನ್ನು ಕೇಳುತ್ತೇವೆ, ಗುಡ್ಡ ಕೊಯ್ಯುವ ತಿಳಿವಳಿಕೆಯನ್ನು ಕೇಳುವುದಿಲ್ಲ. ಶೌಚದ ಗುಂಡಿಯದೂ ಇದೇ ಪಾಡು. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್ ಅಂತರ ಬೇಕೆನ್ನುತ್ತದೆ ಭಾರತೀಯ ಮಾನಕ. ಬೆಟ್ಟದಲ್ಲಿ ಬಂಡೆಯ ಬಿರುಕಿನಲ್ಲಿ ನೀರು ದೂರ ಹರಿಯುತ್ತದೆ, ಮೇಲಿನ ಮನೆಯ ಗುಂಡಿ ಕೆಳಗಿನ ಮನೆಯ ಒರತೆಗೆ ತಾಗುತ್ತದೆ. ಅಲ್ಲಿ 18 ಮೀಟರ್ ಕೂಡ ಸಾಲದಿರಬಹುದು. ಸರಿಯಾದ ಮುಚ್ಚಳ, ಯಂತ್ರದ ಕೊಳವೆ ಇಳಿಯುವ ದಾರಿ ಇಲ್ಲದೆ ಗುಂಡಿ ಕಟ್ಟಿದರೆ ಮುಂದೊಂದು ದಿನ ಯಾರನ್ನೋ ಒಳಗಿಳಿಸುವ ಮಾತು ಬರುತ್ತದೆ. 2013ರ ಕಾಯ್ದೆ ಅದನ್ನು ಅಪರಾಧವೆಂದಿದೆ. ಆ ‘ಯಾರೋ’ ಯಾವ ಕೇರಿಯವರಾಗಿರುತ್ತಾರೆ ಎಂಬುದು ಈ ಸಭೆಗೆ ಗೊತ್ತಿಲ್ಲದ್ದೇನಲ್ಲ.

ಕೆಲಸಕ್ಕೆ ಹೆಸರು, ಹೆಸರಿಗೆ ಹೊಣೆ ಎಂಬುದು ನಮಗೆ ಹೊಸದಲ್ಲ. ಕೆರೆಗಳ ಈ ಸೀಮೆಯಲ್ಲಿ ನೀರುಗಂಟಿ ಇದ್ದರು. ತೂಬನ್ನು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು, ಏರಿಯಲ್ಲಿ ಇಲಿಬಿಲ ಕಂಡರೆ ಊರಿಗೆ ತಿಳಿಸುವುದು ಅವರ ಕೆಲಸ. ಸುಗ್ಗಿಯಲ್ಲಿ ಧಾನ್ಯದ ಆಯ ಅವರ ಸಂಬಳ. ಊರೆಲ್ಲ ಬಲ್ಲ ಅಧಿಕಾರ ಅದಾಗಿತ್ತು. ಅದನ್ನು ಹಾಡಿ ಹೊಗಳಲು ನನಗೆ ಮನಸ್ಸಿಲ್ಲ: ಆ ಕೆಲಸ ಜಾತಿಗೆ ಕಟ್ಟಿಬಿದ್ದಿತ್ತು, ಅನೇಕ ಕಡೆ ದಲಿತ ಕುಟುಂಬಗಳ ಮೇಲೆ ಹೊರಿಸಲ್ಪಟ್ಟಿತ್ತು, ಹೊಣೆಯಷ್ಟು ಗೌರವ ಸಿಕ್ಕಿರಲಿಲ್ಲ. ಇಂದಿನ ಪಂಚಾಯಿತಿಯಲ್ಲಿಯೂ ವಾಟರ್‌ಮನ್‌ಗೆ ನೀರುಗಂಟಿ ಎಂಬ ಹೆಸರೇ ಉಳಿದಿದೆ. ಬೀದಿಯ ಕೊಳವೆಗಳ ಗುಟ್ಟೆಲ್ಲ ಅವರ ತಲೆಯಲ್ಲಿದೆ. ಅವರು ನಿವೃತ್ತರಾದ ದಿನ ಊರಿನ ನೀರಿನ ನಕ್ಷೆಯೂ ನಿವೃತ್ತಿಯಾಗುತ್ತದೆ.

ಹಾಗಾದರೆ ಎಲ್ಲರಿಗೂ ಪರೀಕ್ಷೆ ಇಟ್ಟು, ಪಾಸಾಗದವರನ್ನು ಕೆಲಸದಿಂದ ಹೊರಗೆ ಹಾಕೋಣವೇ? ಇಲ್ಲಿ ನಾನು ಬಹಳ ಎಚ್ಚರದಿಂದ ಮಾತನಾಡಬೇಕು. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದವರಿಗೆ ಕರಣೆ ಹಿಡಿಯುವುದನ್ನು ಕಲಿಸಲು ಹೊರಡುವುದು ಹಾಸ್ಯಾಸ್ಪದ. ಅವರಲ್ಲಿ ಹಲವರಿಗೆ ಓದು ಬಾರದು. ಕಂಪ್ಯೂಟರಿನ ಮುಂದೆ ಕೂರಿಸಿ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಕೆಲಸ ಬಲ್ಲವರು ಹೊರಗುಳಿದು ಕೆಲಸ ಅರಿಯದವರು ಒಳಬರುತ್ತಾರೆ.

ನನ್ನ ಕ್ಷೇತ್ರದ ಒಂದು ಅನುಭವ ಇಲ್ಲಿ ನೆರವಾದೀತು. ಗೊಬ್ಬರ, ಕೀಟನಾಶಕ ಮಾರುವ ಅಂಗಡಿಯವರಿಗೆ ಲೈಸೆನ್ಸು ಹಳೆಯದು. ಕೀಟನಾಶಕ ಕಾಯ್ದೆಯೇ 1968ರದು. ಆದರೆ ದಶಕಗಳ ಕಾಲ ಆ ಲೈಸೆನ್ಸಿಗೆ ತಿಳಿವಳಿಕೆಯ ನಂಟಿರಲಿಲ್ಲ. ರೈತರು ಎಲೆ ತಂದು ತೋರಿಸುತ್ತಿದ್ದುದು ಅಂಗಡಿಯವರಿಗೇ, ನಮ್ಮಂಥ ವಿಜ್ಞಾನಿಗಳಿಗಲ್ಲ. ಇದನ್ನರಿತು ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ವಾರಕ್ಕೊಂದು ದಿನ, ಅಂಗಡಿಯ ರಜೆಯ ದಿನವೇ ತರಗತಿ. ಒಟ್ಟು 48 ವಾರ. ಆಡುವ ಭಾಷೆಯಲ್ಲಿ ಪಾಠ, ಹೊಲದಲ್ಲಿ ಓಡಾಟ. ಆಮೇಲೆ ಕಾನೂನು ಅರ್ಹತೆಯನ್ನು ಕಡ್ಡಾಯ ಮಾಡಿದಾಗ ಹಳಬರಿಗೆ ಕಾಲಾವಕಾಶ ಕೊಟ್ಟಿತು. ಇಂಥ ತರಗತಿಗಳಲ್ಲಿ ನಾನು ಪಾಠ ಮಾಡಿದ್ದೇನೆ. ಐವತ್ತು ದಾಟಿದ ವ್ಯಾಪಾರಿಗಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ತಾವು ವರ್ಷಗಟ್ಟಲೆ ಮಾರಿದ ಔಷಧಿಗೂ ಎದುರಿನ ರೋಗಕ್ಕೂ ಸಂಬಂಧವಿಲ್ಲವೆಂದು ಅರಿತು ನಗುವುದನ್ನು ಕಂಡಿದ್ದೇನೆ. ಯಾರ ಹೊಟ್ಟೆಪಾಡೂ ನಿಲ್ಲಲಿಲ್ಲ.

ಪ್ಲಂಬರುಗಳಿಗೂ ಮೇಸ್ತ್ರಿಗಳಿಗೂ ಹೀಗೇ ಮಾಡಬಹುದು. ಕಲಿತ ಕೆಲಸಕ್ಕೆ ಪರೀಕ್ಷೆ ನಡೆಯಬೇಕಾದುದು ಕೆಲಸದ ಜಾಗದಲ್ಲಿ: ಒಂದು ಜೋಡಣೆ ಹಾಕಿ, ಒತ್ತಡ ಕೊಟ್ಟು, ಸೋರದಿದ್ದರೆ ಉತ್ತೀರ್ಣ. ಗೊತ್ತಿಲ್ಲದ ಅಂಶವನ್ನು ಅಲ್ಲಿಯೇ ಹೇಳಿಕೊಡಬೇಕು. ಕುಡಿಯುವ ನೀರಿನ ಪೈಪಿಗೆ ಐಎಸ್ 4985 ಎಂಬ ಗುರುತಿರುತ್ತದೆ, ಕೊಳಚೆಯ ಪೈಪಿಗೆ ಐಎಸ್ 13592. ಅಗ್ಗವೆಂದು ಎರಡನೆಯದನ್ನು ಮೊದಲನೆಯದರ ಜಾಗಕ್ಕೆ ಹಾಕಬಾರದೆಂಬುದು ಐದು ನಿಮಿಷದ ಪಾಠ. ಪಿವಿಸಿ ಪೈಪುಗಳಲ್ಲಿ ಸೀಸದ ಬಳಕೆಯನ್ನು ನಿಯಂತ್ರಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಗುರುತಿಲ್ಲದ ಪೈಪನ್ನು ಏಕೆ ಕೊಳ್ಳಬಾರದೆಂಬುದು ಇನ್ನೊಂದು ಐದು ನಿಮಿಷ. ಚಾವಣಿಯ ಮಳೆನೀರಿನ ಪಾಠಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು. 100 ಚದರ ಮೀಟರ್ ಚಾವಣಿಗೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ 60,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 48,000 ಲೀಟರ್ ಕೈಗೆ ಸಿಗುತ್ತದೆ. ಫ್ಲೋರೈಡಿನಿಂದ ನರಳುವ ಪಾವಗಡ, ಮಧುಗಿರಿ, ಶಿರಾದ ಹಳ್ಳಿಗಳಲ್ಲಿ ಇದನ್ನು ಸೋಸಿ ತುಂಬಿಸಬಲ್ಲ ಪ್ಲಂಬರೊಬ್ಬರು ವೈದ್ಯರಿಗಿಂತ ಕಡಿಮೆಯೇನಲ್ಲ. ಜಲ ಜೀವನ್ ಮಿಷನ್ನಿನಲ್ಲಿ ‘ನಲ್ ಜಲ್ ಮಿತ್ರ’ ಎಂಬ ಹೆಸರಿನಲ್ಲಿ ಹಳ್ಳಿಯವರಿಗೇ ಪ್ಲಂಬಿಂಗ್, ಪಂಪು, ವಿದ್ಯುತ್ತಿನ ತರಬೇತಿ ಕೊಡುವ ಕಾರ್ಯಕ್ರಮವಿದೆ. ಅದರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಸಿಗಬೇಕು. ನೀರಿನ ಪರೀಕ್ಷಾ ಪೆಟ್ಟಿಗೆಯನ್ನು ಹಳ್ಳಿಯ ಮಹಿಳೆಯರ ಕೈಗೆ ಕೊಟ್ಟ ಮಿಷನ್ನು ಪೈಪಿನ ಪಾನಾವನ್ನು ಕೊಡಲು ಹಿಂಜರಿಯುವುದು ನನಗೆ ಅರ್ಥವಾಗದ ಸಂಗತಿ.

ಹೊರಗಿನ ಒಂದು ಉದಾಹರಣೆ. ನ್ಯೂಜಿಲೆಂಡಿನಲ್ಲಿ 1990ರ ದಶಕದಲ್ಲಿ ಕಟ್ಟಡದ ನಿಯಮಗಳನ್ನು ಸಡಿಲಿಸಿದ ಮೇಲೆ ಕಟ್ಟಿದ ಸಾವಿರಾರು ಮನೆಗಳ ಗೋಡೆಗಳೊಳಗೆ ಮಳೆನೀರು ಸೋರಿ ಮರ ಕೊಳೆಯಿತು. ಪಾಠ ಕಲಿತ ಆ ದೇಶ 2004ರ ಕಾಯ್ದೆಯಲ್ಲಿ ಕಟ್ಟಡ ಕೆಲಸಗಾರರಿಗೆ ಪರವಾನಗಿ ತಂದಿತು. 2012ರ ಮಾರ್ಚಿನಿಂದ ಮನೆಯ ಭದ್ರತೆಗೆ ಸಂಬಂಧಿಸಿದ ಕೆಲಸವನ್ನು ಪರವಾನಗಿ ಇದ್ದವರೇ ಮಾಡಬೇಕು ಇಲ್ಲವೇ ಅವರ ಉಸ್ತುವಾರಿಯಲ್ಲಿ ನಡೆಯಬೇಕು. ಪ್ಲಂಬರುಗಳಿಗೆ ಅಲ್ಲಿ ಬೇರೆಯೇ ಕಾನೂನು, ಬೇರೆಯೇ ಮಂಡಳಿ. ನನಗೆ ಹಿಡಿಸಿದ್ದು ಇದು: ಪಟ್ಟಿ ಬಹಿರಂಗ, ಯಾರು ಬೇಕಾದರೂ ಹೆಸರು ಹುಡುಕಿ ನೋಡಬಹುದು. ನಮ್ಮಲ್ಲಿ ಅದನ್ನು ಜಾಲತಾಣದಲ್ಲಿ ಮಾತ್ರ ಇಟ್ಟರೆ ಸಿಗ್ನಲ್ಲಿಗಾಗಿ ಮರ ಹತ್ತುವ ನಮ್ಮ ಊರುಗಳಿಗೆ ಉಪಯೋಗವಿಲ್ಲ. ಪಂಚಾಯಿತಿಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರಾಯಿತು.

ಅಪಾಯಗಳಿಲ್ಲದಿಲ್ಲ. ಪರವಾನಗಿ ಎಂದೊಡನೆ ದಲ್ಲಾಳಿಗಳು ಹುಟ್ಟುತ್ತಾರೆ, ಶುಲ್ಕ ಏರುತ್ತದೆ, ನಾಲ್ಕು ಗುತ್ತಿಗೆದಾರರು ಕೂಡಿಕೊಂಡು ಹೊರಗಿನವರನ್ನು ಬಿಡದಿರಬಹುದು. ಉತ್ತರದ ರಾಜ್ಯಗಳಿಂದ ಬಂದ ಕೆಲಸಗಾರರನ್ನು ಭಾಷೆಯ ನೆಪದಲ್ಲಿ ದೂರವಿಡುವ ಹುನ್ನಾರವೂ ನಡೆದೀತು. ಆದುದರಿಂದ ಪರವಾನಗಿ ಕೆಲಸ ಮಾಡಿದವರ ಹೆಸರಿನಲ್ಲಿರಬೇಕು, ಗುತ್ತಿಗೆದಾರರ ಹೆಸರಿನಲ್ಲಲ್ಲ. ಗುಬ್ಬಿಯಲ್ಲಿ ಪಡೆದದ್ದು ಕುಣಿಗಲ್ಲಿನಲ್ಲೂ ಮೂಡಿಗೆರೆಯಲ್ಲೂ ನಡೆಯಬೇಕು. ಎಲ್ಲ ಕೆಲಸಕ್ಕೂ ಅದು ಬೇಡ. ನಲ್ಲಿಯ ವಾಷರ್ ಬದಲಿಸಲು ಯಾರ ಅನುಮತಿಯೂ ಬೇಕಿಲ್ಲ. ಬೀದಿಯ ಕೊಳವೆಗೆ ಸಂಪರ್ಕ, ಶೌಚದ ಗುಂಡಿ, ಮೇಲಂತಸ್ತಿನ ಕಂಬ ಮತ್ತು ತೊಲೆ, ಇಳಿಜಾರಿನ ಕೊಯ್ತ, ಇಷ್ಟಕ್ಕೆ ಇದ್ದರೆ ಸಾಕೆಂಬುದು ನನ್ನ ಅಭಿಪ್ರಾಯ. ಕೂಲಿಯೂ ಏರಬೇಕು. ಹೆಸರು ಬರೆಸಿ ಹೊಣೆ ಹೊರಿಸಿ ಹಳೆಯ ಕೂಲಿಯನ್ನೇ ಕೊಡುವುದಾದರೆ ಅದು ಸುಧಾರಣೆಯಾಗದು.

ರಾಜ್ಯದ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೆಯ ಪ್ರಕರಣದಂತೆ ಹಳ್ಳಿಯಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಅನುಮತಿ ಬೇಕೇ ಬೇಕು. ಆ ಅರ್ಜಿಯ ಜೊತೆ ಒಂದು ಹಾಳೆ ಸೇರಿಸಲು ಗ್ರಾಮಸಭೆ ಕೋರಬಹುದು: ಮೇಸ್ತ್ರಿ ಯಾರು, ಪ್ಲಂಬರ್ ಯಾರು, ಗುಂಡಿ ಎಲ್ಲಿ, ಬಾವಿ ಅಥವಾ ಕೊಳವೆಬಾವಿ ಅಲ್ಲಿಂದ ಎಷ್ಟು ದೂರ, ಕೊಳವೆ ಎಷ್ಟು ಆಳದಲ್ಲಿ. ಕಡ್ಡಾಯವೆಂದು ಹೆದರಿಸುವುದು ಬೇಡ, ದಾಖಲೆ ಎಂದು ಬರೆಸಿದರೆ ಸಾಕು.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಬರುವ ರಜೆಯಲ್ಲಿ ನಿಮ್ಮ ನಿಮ್ಮ ಊರಿನ ಗಾರೆ ಕೆಲಸದವರು, ಪ್ಲಂಬರುಗಳು, ಕಂಬಿ ಕಟ್ಟುವವರು, ಬಾವಿ ತೋಡುವವರು, ಜೆಸಿಬಿ ಓಡಿಸುವವರು ಇವರ ಮನೆಗೆ ಹೋಗಿ, ಅವರ ಒಪ್ಪಿಗೆ ಪಡೆದು, ಯಾರ ಬಳಿ ಕಲಿತರು, ಎಷ್ಟು ವರ್ಷವಾಯಿತು, ಏನು ಕಲಿಯಲು ಇಷ್ಟ ಎಂದು ಬರೆದುಕೊಂಡು ಬನ್ನಿ. ಜೊತೆಗೆ ನೀರುಗಂಟಿಯವರನ್ನು ಬೀದಿಯಲ್ಲಿ ನಡೆಸಿಕೊಂಡು ಹೋಗಿ ಕೊಳವೆಯ ದಾರಿಯನ್ನೂ ವಾಲ್ವುಗಳ ಜಾಗವನ್ನೂ ನಕ್ಷೆಗೆ ಇಳಿಸಿ. ನಮೂನೆಯ ಹಾಳೆಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಊರಿಗೆ ಹತ್ತರಂತೆ ತೆಗೆದುಕೊಳ್ಳಿ. ತುಂಬಿದ ಹಾಳೆಗಳನ್ನು ಮುಂದಿನ ಸಭೆಗೆ ತನ್ನಿ, ಮೊದಲ ಭಾನುವಾರದ ತರಗತಿಗೆ ಯಾರನ್ನು ಕರೆಯಬೇಕೆಂಬುದನ್ನು ಅವುಗಳನ್ನು ಓದಿಯೇ ತೀರ್ಮಾನಿಸೋಣ. ಈಗ ನಿಮ್ಮ ಪ್ರಶ್ನೆಗಳಿಗೆ ಸಮಯ.